ಅಡ್ಡ ಬಂದ ಮರ

ಹಳಿಯಾಳದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಿರಣಕುಮಾರ ಚಹಾ ಕುಡಿಯುತ್ತಿದ್ದಾಗ ಹುಬ್ಬಳ್ಳಿಯಿಂದ ಮಾಲೀಕರ ಫೋನು ಬಂತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಕಾರ್ಖಾನೆಯ ಕಡೆಗೆ ಹೋಗುತ್ತಿದ್ದವು. ಆ ಸದ್ದಿನಲ್ಲಿ ಮಾತು ಕೇಳಿಸದೆ ಅವನು ಲೋಟ ಹಿಡಿದುಕೊಂಡೇ ಹೋಟೆಲಿನ ಹಿಂಬದಿಗೆ ನಡೆದ.

"ಕಿರಣಾ, ತಿರುವಿನ್ಯಾಗಿನ ಬೋರ್ಡಿನ ಫೋಟೋ ನೋಡಿದೆ. ಅರ್ಧ ಕಾಣವಲ್ದು. ರೆಸಾರ್ಟಿನವ್ರು ನನ್ನ ಬೈಯಾಕತ್ತಾರ."

"ಒಂದು ಗಿಡ ಅಡ್ಡ ಐತ್ರಿ ಸರ್. ಬಸರಿ ಗಿಡ."

"ಅದು ನನಗೂ ಕಾಣಸ್ತೈತಿ. ಕ್ರಿಸ್‌ಮಸ್ ರಜಾದಾಗ ಗಾಡಿ ಸಾಲು ಹಚ್ಚಿ ಬರ್ತಾವ. ಅಷ್ಟರೊಳಗ ಅದನ್ನ ನೋಡು."

'ಅದನ್ನ ನೋಡು' ಎಂದರೆ ಏನರ್ಥವೆಂದು ಕಿರಣಕುಮಾರ ಕೇಳಬೇಕಾಗಿರಲಿಲ್ಲ. ರಸ್ತೆ ಬದಿಯ ಜಾಹೀರಾತು ಫಲಕಗಳಿಗೆ ಜಾಗ ಹುಡುಕುವುದು, ಜಮೀನಿನವರನ್ನು ಒಪ್ಪಿಸುವುದು, ಕಂಬ ನಿಲ್ಲಿಸಿಕೊಡುವುದು ಅವನ ಕೆಲಸ. ಹಳಿಯಾಳದಿಂದ ದಾಂಡೇಲಿಗೆ, ದಾಂಡೇಲಿಯಿಂದ ಜೊಯಿಡಾಕ್ಕೆ, ಆ ಕಡೆ ಮುಂಡಗೋಡದವರೆಗೆ, ಯಾವ ತಿರುವಿನಲ್ಲಿ ಗಾಡಿಗಳು ನಿಧಾನವಾಗುತ್ತವೆ, ಯಾವ ಏರಿನಲ್ಲಿ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಇಷ್ಟು ವರ್ಷ ಅದನ್ನೇ ಮಾಡಿ ಅವನ ನೋಟವೇ ಬೇರೆಯಾಗಿಬಿಟ್ಟಿತ್ತು. ಹಿಂದಿನ ವರ್ಷ ಹೆಂಡತಿ ಸುವರ್ಣಾಳ ಜೊತೆ ಉಳವಿಗೆ ಹೋಗುವಾಗ ಬಸ್ಸು ದಟ್ಟ ಕಾಡಿನೊಳಗೆ ನುಗ್ಗಿತ್ತು. ಸುವರ್ಣಾ ಕಿಟಕಿಗೆ ಮುಖ ಕೊಟ್ಟು, "ಎಷ್ಟು ತಂಪೈತಿ ನೋಡ್ರಿ ಇಲ್ಲೆ" ಎಂದಿದ್ದಳು. ಅವನು ನೋಡಿದ್ದ. ಆ ತಿರುವಿನಲ್ಲಿ ಒಂದು ಬೋರ್ಡ್ ನಿಲ್ಲಿಸಿದರೆ ಮುಂದಿನ ಯಾವ ಯಾವ ಮರ ತೆಗೆಯಬೇಕಾದೀತು ಎಂದು ಲೆಕ್ಕ ಹಾಕುತ್ತಿದ್ದ.

"ಗಿಡ ನೋಡಿದ್ರ ನಿಮ್ಮ ಮಾರಿ ಯಾಕ ಸಣ್ಣ ಆಗತೈತಿ?" ಎಂದು ಅವಳು ಕೇಳಿದ್ದಳು.

ಚಹಾ ಮುಗಿಸಿ ಅವನು ಬೈಕು ಹತ್ತಿದ. ದಾಂಡೇಲಿ ರಸ್ತೆಯ ಆ ದೊಡ್ಡ ತಿರುವಿನಲ್ಲಿ, ಆಚೆ ಬದಿಯ ಹೊಲದಲ್ಲಿ, ಬೋರ್ಡ್ ನಿಂತಿತ್ತು. ಕಾಳಿ ನದಿಯ ದಂಡೆಯ ಒಂದು ರೆಸಾರ್ಟಿನ ಜಾಹೀರಾತು. ಹಸಿರು ಕಾಡು, ನೀಲಿ ಹೊಳೆ, ಮೂಲೆಯಲ್ಲಿ ಒಂದು ಮಂಗಟ್ಟೆ ಹಕ್ಕಿ. ಮೇಲೆ ದೊಡ್ಡ ಅಕ್ಷರದಲ್ಲಿ 'ಕಾಡು ನಿಮಗಾಗಿ ಕಾಯುತ್ತಿದೆ' ಎಂದು ಬರೆದಿತ್ತು. ಆ ಕಾಡು ಯಾವ ದೇಶದ್ದೋ ಕಿರಣಕುಮಾರನಿಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಕಚೇರಿಯಲ್ಲಿ ಕಂಪ್ಯೂಟರಿನಿಂದ ಆರಿಸಿದ ಚಿತ್ರ ಅದು. ಹಳಿಯಾಳದ ಕಡೆಯಿಂದ ಬರುವವರಿಗೆ ಹಕ್ಕಿಯ ಬಾಲ ಮತ್ತು 'ತ್ತಿದೆ' ಎಂಬುದಷ್ಟೇ ಕಾಣುತ್ತಿತ್ತು. ಉಳಿದದ್ದನ್ನು ಈಚೆ ಬದಿಯ ಬಸರಿ ಮರ ಮುಚ್ಚಿಕೊಂಡಿತ್ತು.

ಮರದ ಹಿಂದೆ ಸಿದ್ದಿಯರ ನಾಲ್ಕಾರು ಮನೆಗಳ ಕೇರಿ. ಮೊದಲ ಮನೆ ಕಾಯತಾನನದು. ಮರವಿದ್ದ ಜಾಗ ಅವನ ತಾಯಿ ತುಳಸಾಳ ಹೆಸರಿನಲ್ಲಿತ್ತು. ಮುದುಕಿ ಅದರ ಬುಡದಲ್ಲೇ ಕಾಲು ಚಾಚಿ ಕುಳಿತು ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಅವಳ ಪಕ್ಕದಲ್ಲಿ ಬಸ್ಸಿಗೆ ಕಾಯುವವರು ಕೆಲವರು ಚೀಲ ಇಟ್ಟುಕೊಂಡು ಕೂತಿದ್ದರು. ಅಲ್ಲಿ ನಿಲ್ದಾಣವೆಂಬ ಫಲಕವೇನೂ ಇರಲಿಲ್ಲ. ಮರದ ಕೆಳಗೆ ಜನ ಕಂಡರೆ ಚಾಲಕರು ನಿಲ್ಲಿಸುತ್ತಿದ್ದರು, ಅಷ್ಟೇ.

ಕಿರಣಕುಮಾರ ಬಂದ ಕಾರಣ ಹೇಳಿದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಅದರ ಅಗತ್ಯವೂ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಮರ ತೆಗೆಯಲು ಒಪ್ಪಿದರೆ ಕಾಯತಾನನಿಗೆ ರೆಸಾರ್ಟಿನಲ್ಲಿ ಕಾಯಂ ಕೆಲಸ ಸಿಗುತ್ತದೆ, ಹಗಲು ತೋಟದ ಕೆಲಸ, ಶನಿವಾರ ಸಂಜೆ ಅತಿಥಿಗಳೆದುರು ಸಿದ್ದಿಯರ ಡೋಲಾದ ಡಮಾಮಿ ಬಾರಿಸುವುದು, ಕಡಿದ ಕಟ್ಟಿಗೆಯೂ ಕಾಯತಾನನದೇ ಎಂದ.

ಕಾಯತಾನ ಮರದ ಕಡೆ ನೋಡಲಿಲ್ಲ. "ಕೆಲಸ ಖರೇನ ಕೊಡ್ತಾರೇನ್ರಿ? ಹಿಂದ ಒಬ್ರು ಹಿಂಗ ಹೇಳಿ ಹೋದವ್ರು ತಿರಗಿ ಬರಲಿಲ್ಲ."

"ನಾ ಹೇಳಿದ್ಮ್ಯಾಲೆ ಕೊಡಸ್ತೇನಿ."

"ಬಸರಿ ಗಿಡದಾಗ ಏನೈತ್ರಿ? ಹಣ್ಣು ನಾವು ತಿನ್ನೂದಲ್ಲ, ಹಲಗಿಗೆ ಬರೂದಲ್ಲ. ಕಬ್ಬಿನ ಹಂಗಾಮಿನ್ಯಾಗ ಕೂಲಿ, ಆಮ್ಯಾಲೆ ಖಾಲಿ ಕೈ. ಎಷ್ಟು ವರ್ಷ ಹಿಂಗ ಮಾಡೂದು?"

ಅವನ ಹೆಂಡತಿ ಜ್ಯೂಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಬ್ಯಾಸಿಗ್ಯಾಗ ಮನಿ ಮುಂದ ಇದೊಂದ ನೆಳ್ಳು ನೋಡ್ರಿ" ಎಂದಳು. ಬೇಡವೆನ್ನುವ ದನಿಯಲ್ಲ ಅದು. ನೆನಪಿಗೆಂದು ಹೇಳಿಟ್ಟ ಮಾತಿನ ಹಾಗಿತ್ತು.

"ಬಾಜೂಕ ಹಲಸಿನ ಗಿಡ ಐತೆಲ್ಲ ಅಕ್ಕಾರ" ಎಂದ ಕಿರಣಕುಮಾರ.

ಎಲ್ಲರೂ ತುಳಸಾಳ ಕಡೆ ನೋಡಿದರು. ಅವಳು ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು:

"ನನ್ನ ಯಾಕ ಕೇಳ್ತೀರಿ? ಜಾಗಾ ನನ್ನ ಹೆಸರಿಗೈತಿ, ಗಿಡ ನಂದೇನು? ದಾರ್ಯಾಗ ಹೋಗೂ ಮಂದಿದು. ಅವ್ರನ್ನ ಕೇಳ್ರಿ."

ದೂರದಲ್ಲಿ ಬಸ್ಸಿನ ಸದ್ದು ಕೇಳಿ, ಕಾಯುತ್ತಿದ್ದವರು ಎದ್ದು ಚೀಲ ಎತ್ತಿಕೊಂಡರು. ಕಿರಣಕುಮಾರ ಅವರನ್ನು ಕೇಳಲಿಲ್ಲ. ಕೊನೆಗೆ ಮಗನ ಮುಖ ನೋಡಿ ತುಳಸಾಳೇ, "ಅವಂಗ ಕೆಲಸ ಆಗೂದಾದ್ರ ತಗೀರಿ" ಎಂದಳು.

ಅನುಮತಿಯ ಕೆಲಸವೆಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಡಿಸೆಂಬರಿಗೆ ಮೊದಲೇ ಮರ ಬಿತ್ತು. ಕಾಯತಾನನಿಗೆ ಕೆಲಸವೂ ಸಿಕ್ಕಿತು. ರಜೆಯಲ್ಲಿ ಬೆಳಗಾವಿ, ಗೋವಾ, ಹುಬ್ಬಳ್ಳಿಯ ಗಾಡಿಗಳು ತಿರುವಿನಲ್ಲಿ ನಿಧಾನವಾಗಿ, ಕಾಡಿನ ಚಿತ್ರವನ್ನು ಪೂರ್ತಿ ನೋಡಿಕೊಂಡು ಮುಂದೆ ಹೋದವು. ಮಾಲೀಕರು ಫೋನಿನಲ್ಲಿ "ಶಾಬಾಸ್" ಎಂದರು. ಬಸ್ಸಿನ ಕಂಡಕ್ಟರುಗಳು ಆ ಜಾಗಕ್ಕೆ 'ರೆಸಾರ್ಟ್ ಬೋರ್ಡ್' ಎಂದು ಟಿಕೆಟು ಹರಿಯತೊಡಗಿದರು.

ಮಾರ್ಚಿನಲ್ಲಿ ಬಿಸಿಲಿಗೆ ಬಣ್ಣ ಮಾಸಿದ ಫ್ಲೆಕ್ಸ್ ಬದಲಿಸಲು ಕಿರಣಕುಮಾರ ಮತ್ತೆ ಅಲ್ಲಿಗೆ ಹೋದ. ಕಂಬಗಳ ಕೆಲಸ ಮಾಡುವ ವೆಲ್ಡರ್ ಇಮ್ರಾನ ಮೇಲೆ ಹತ್ತಿ ಹಳೆಯದನ್ನು ಬಿಚ್ಚುತ್ತಿದ್ದಾಗ ಜ್ಯೂಲಿ ರಸ್ತೆ ದಾಟಿ ಬಂದಳು.

"ಸಾಹೇಬ್ರ, ಹಳೇದನ್ನ ಒಗೀತೀರೇನು?"

"ಯಾಕ್ರಿ ಅಕ್ಕಾರ?"

"ಬಸ್ಸಿಗೆ ನಿಂದರವ್ರಿಗೆ ಬಿಸಲಾಗೇತಿ. ಕಟ್ಟಿಗಿ ಹುಗದು ಮ್ಯಾಲೆ ಹೊದಸ್ತೇವಿ."

ಅವನು ಕೊಟ್ಟ. ಸಂಜೆಯೊಳಗೆ ಕೇರಿಯವರು ಬಿದಿರಿನ ಗಳ ಹುಗಿದು, ಬಸರಿ ಮರದ ಬೊಡ್ಡೆಯ ಮೇಲೆ ಫ್ಲೆಕ್ಸನ್ನು ಚಪ್ಪರದಂತೆ ಕಟ್ಟಿದರು. ಚಿತ್ರ ಕೆಳಮುಖವಾಗಿತ್ತು; ರೆಸಾರ್ಟಿನ ಹೆಸರಿದ್ದ ಅಂಚು ಮಾತ್ರ ಗಳದ ಮೇಲೆ ಮಡಚಿಕೊಂಡು ರಸ್ತೆಯ ಕಡೆಗೆ ಕಾಣುತ್ತಿತ್ತು. ಬೊಡ್ಡೆಯ ಮೇಲೆ ಕುಳಿತ ತುಳಸಾ ಕತ್ತೆತ್ತಿ ಮಾಸಿದ ಕಾಡನ್ನು ನೋಡಿದಳು. ಪ್ಲಾಸ್ಟಿಕ್ಕಿನ ಕೆಳಗೆ ಸೆಖೆ ಜಾಸ್ತಿಯೇ ಇತ್ತು. ಆದರೂ ನೆತ್ತಿಗೆ ಬಿಸಿಲು ತಪ್ಪಿತಲ್ಲ ಎಂದು ಯಾರೋ ಅಂದರು.

ಒಂದು ವಾರವೂ ಆಗಿರಲಿಲ್ಲ, ಮಾಲೀಕರ ಫೋನು ಬಂತು.

"ರೆಸಾರ್ಟಿನ ಮ್ಯಾನೇಜರು ಆ ದಾರ್ಯಾಗ ಹೋಗ್ಯಾರ. ಅವ್ರ ಹೆಸರು ಯಾವ್ದೋ ಜೋಪಡಿ ಮ್ಯಾಲೆ ಹೊದಿಸಿದ್ದು ಕಂಡೈತಿ. ಎದರಿಗೆ ಅವ್ರದ ಬೋರ್ಡು. ಬಂದ ಮಂದಿ ಏನ್ ತಿಳಕೋಬೇಕು?"

"ಬಸ್ಸಿಗೆ ಕಾಯವ್ರು ಸರ್. ನೆಳ್ಳಿಗೆ ಕಟ್ಕೊಂಡಾರ."

"ನೆಳ್ಳು ಬೇಕಾದ್ರ ಬೇರೆ ಏನರ ಕಟ್ಕೋಲಿ. ಹೆಸರು ಇರೂದು ಬ್ಯಾಡ. ಇವತ್ತ ತಗಸು. ಆ ಮನ್ಯಾಂವ ಅವ್ರ ಕಡೇನ ಕೆಲಸಕ್ಕ ಅದಾನ, ಅದನ್ನೂ ನೆನಪಿಡು ಅಂದಾರ."

ಮಾಲೀಕರದೂ ಪೂರ್ತಿ ತಪ್ಪೆನಿಸಲಿಲ್ಲ ಕಿರಣಕುಮಾರನಿಗೆ. ಅವರಿಗೂ ಮೇಲಿನವರೊಬ್ಬರು ಫೋನು ಮಾಡಿರುತ್ತಾರೆ. ಅವನು ಇಮ್ರಾನನನ್ನು ಕರೆಯಲಿಲ್ಲ. ತಾನೇ ಹೋಗಿ, ಗಳದ ಹಗ್ಗ ಬಿಚ್ಚಿ, ಫ್ಲೆಕ್ಸ್ ಸುತ್ತಿ ಬೈಕಿನ ಹಿಂದೆ ಕಟ್ಟಿದ. ಅವನು ಒಂದು ತುದಿ ಹಿಡಿದಾಗ ಇನ್ನೊಂದು ತುದಿಯನ್ನು ಜ್ಯೂಲಿಯೇ ಹಿಡಿದು ಮಡಚಲು ನೆರವಾದಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಆಮೇಲೆ ನಡೆದದ್ದಕ್ಕೆ ಯಾರೂ ಯಾರನ್ನೂ ದೂರಲಿಲ್ಲ. ಬಿಸಿಲು ಏರಿದಂತೆ ಬಸ್ಸಿಗೆ ಹೋಗುವವರು ರಸ್ತೆಯ ಅಂಚು ಬಿಟ್ಟು ಒಳಗೆ ಹಲಸಿನ ಮರದ ಕೆಳಗೆ ಕಾಯತೊಡಗಿದರು. ತಿರುವಿನಲ್ಲಿ ಬರುವ ಚಾಲಕನಿಗೆ ಅಲ್ಲಿ ಜನರಿರುವುದು ಕಾಣುತ್ತಿರಲಿಲ್ಲ. ಸದ್ದು ಕೇಳಿ ಓಡಿಬಂದವರಿಗೆ ಬಸ್ಸು ಸಿಗುತ್ತಿತ್ತು. ಓಡಲಾಗದವರಿಗೆ ಅದರ ಧೂಳು ಸಿಗುತ್ತಿತ್ತು. ತುಳಸಾ ರಕ್ತದೊತ್ತಡದ ಗುಳಿಗೆಗೆಂದು ತಿಂಗಳಿಗೊಮ್ಮೆ ಹಳಿಯಾಳದ ಸರಕಾರಿ ಆಸ್ಪತ್ರೆಗೆ ಹೋಗುತ್ತಿದ್ದವಳು. ಎರಡು ಮೂರು ಸಲ ಬಸ್ಸು ತಪ್ಪಿಸಿಕೊಂಡು, ರಸ್ತೆಯಿಂದ ಹಿಂದಕ್ಕೆ ನಡೆದು ಬಂದು, "ಸಾಕು, ಈಗ ಆರಾಮ ಅದೇನಿ" ಎಂದು ಹೇಳಿ ಹೋಗುವುದನ್ನೇ ಬಿಟ್ಟಳು. ಕಾಯತಾನ ದಿನವಿಡೀ ರೆಸಾರ್ಟಿನಲ್ಲಿರುತ್ತಿದ್ದ. ಜ್ಯೂಲಿಗೆ ಕೂಲಿ. ಮೇ ತಿಂಗಳ ಒಂದು ಬೆಳಗ್ಗೆ ಮುದುಕಿ ಬಚ್ಚಲಿನಲ್ಲಿ ಬಿದ್ದಳು. ಬಲಗೈ, ಬಲಗಾಲು ಸೋತವು, ಮಾತು ತೊದಲಿತು.

ಕಿರಣಕುಮಾರನಿಗೆ ಇದು ಗೊತ್ತಾದದ್ದು ಅಕ್ಟೋಬರಿನಲ್ಲಿ. ಮಾಲೀಕರು ಹೊಸ ಕೆಲಸ ಹಚ್ಚಿದ್ದರು. ಈಗ ರೆಸಾರ್ಟಿನವರಿಗೆ ತಿರುವಿನಲ್ಲಿ ಇನ್ನೊಂದು ಬೋರ್ಡ್ ಬೇಕಾಗಿತ್ತು: ಡಮಾಮಿ ಬಾರಿಸುವ ಸಿದ್ದಿಯ ಆಳೆತ್ತರದ ಚಿತ್ರ, ಹಿಂದೆ ಕಾಡಿನ ಪರದೆ, ಪ್ರವಾಸಿಗರು ಗಾಡಿ ನಿಲ್ಲಿಸಿ ಅದರ ಪಕ್ಕ ನಿಂತು ಫೋಟೋ ತೆಗೆದುಕೊಳ್ಳಬೇಕು. ಚಿತ್ರ ಕಾಯತಾನನದೇ. ಗಾಡಿ ನಿಲ್ಲಲು ಮನೆಯ ಪಕ್ಕದ ಜಾಗ, ಅಂದರೆ ಹಲಸಿನ ಮರವಿದ್ದ ಜಾಗ.

ಅವನು ಹೋದಾಗ ಕಾಯತಾನ ಕೆಲಸಕ್ಕೆ ಹೋಗಿದ್ದ. ಹಲಸಿನ ಕೆಳಗೆ ಹೊರಸು ಹಾಕಿ ತುಳಸಾಳನ್ನು ಮಲಗಿಸಿದ್ದರು. ತಗಡಿನ ಮನೆಯೊಳಗೆ ಹಗಲು ಇರಲಾಗುತ್ತಿರಲಿಲ್ಲ. ಅವಳ ಕಾಲ ಮೇಲೆ ಅರ್ಧಕ್ಕೆ ನಿಂತ ಕೌದಿಯಿತ್ತು.

"ಏನಾತ್ರಿ ಅಜ್ಜಿಗೆ?"

"ಲಕ್ವಾ ಹೊಡದೈತಿ" ಎಂದಳು ಜ್ಯೂಲಿ. "ಗುಳಿಗಿ ಬಿಟ್ಟಿದ್ರು. ಬಸ್ಸು ನಿಂದರ್ತಿದ್ದಿಲ್ಲ, ಓಡಾಕ ಆಗ್ತಿದ್ದಿಲ್ಲ. ವಯಸ್ಸೂ ಆಗೇತಿ ಬಿಡ್ರಿ."

ಅವಳು ಅದನ್ನು ಹವಾಮಾನದ ಸುದ್ದಿಯ ಹಾಗೆ ಹೇಳಿ ಚಹಾಕ್ಕಿಡಲು ಒಳಗೆ ಹೋದಳು. ಕಿರಣಕುಮಾರ ರಸ್ತೆಯ ಕಡೆ ತಿರುಗಿದ. ಹಲಸಿನ ಕೆಳಗಿನಿಂದ ನೋಡಿದರೆ ತಿರುವು ಕಾಣುತ್ತಿರಲಿಲ್ಲ. ತಿರುವಿನಿಂದ ನೋಡಿದರೆ ಈ ಜಾಗವೂ ಕಾಣಲಿಕ್ಕಿಲ್ಲ. ಯಾವುದು ಎಲ್ಲಿಂದ ಕಾಣುತ್ತದೆ, ಎಲ್ಲಿಂದ ಕಾಣುವುದಿಲ್ಲ ಎಂದು ನೋಡುವುದೇ ಅವನ ಇಷ್ಟು ವರ್ಷದ ಕಸುಬು. ಅವನು ಬೋರ್ಡನ್ನು ಕಾಣಿಸಿದ್ದ. ಮರದ ಜೊತೆಗೆ ಜನರೂ ಮರೆಯಾದದ್ದನ್ನು ಮಾತ್ರ ನೋಡಿರಲಿಲ್ಲ.

ಚಹಾ ಬಂತು. ಅವನು ಬಂದ ಕಾರಣವನ್ನು ಹೇಳಲೇಬೇಕಾಯಿತು. ಹೇಳುವಾಗ ತನ್ನ ದನಿ ತನಗೇ ಬೇಸರ ತರಿಸಿತು. ಇದೇ ಮಾತು, ಇದೇ ಕ್ರಮ, ಎಷ್ಟೋ ಅಂಗಳಗಳಲ್ಲಿ ಆಡಿದ್ದು.

ಜ್ಯೂಲಿ ಪೂರ್ತಿ ಕೇಳಿಸಿಕೊಂಡಳು. "ತಗೀರಿ" ಎಂದಳು.

"ಯೋಚನಿ ಮಾಡ್ರಿ ಅಕ್ಕಾರ. ಅಜ್ಜಿಯನ್ನೂ ಕೇಳ್ರಿ."

"ಏನ್ ಯೋಚನಿ ಮಾಡೂದ್ರಿ? ಬ್ಯಾಡ ಅಂದ್ರ ಮನಿಯವ್ರ ಕೆಲಸ ಹೋಗ್ತೈತಿ. ಒಂದು ಗಿಡ ಹೋಗೇತಿ, ಇನ್ನೊಂದು ಉಳಿಸಿ ಏನ್ ಮಾಡೂದೈತಿ? ಅವ್ರ ಚಿತ್ರ ನಿಲ್ಲಸ್ತಾರಂತ. ನಿಲ್ಲಸ್ಲಿ. ಮನಷ್ಯಾ ಅಂತೂ ಹಗಲಿ ಮನ್ಯಾಗ ಇರೂದಿಲ್ಲ, ಚಿತ್ರ ಆದ್ರೂ ಇರ್ಲಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ದಣಿವಿತ್ತು. ಆಗ ಹೊರಸಿನಿಂದ ತುಳಸಾ ಏನೋ ಅಂದಳು. ತೊದಲು ಮಾತು ಅವನಿಗೆ ಮೊದಲ ಸಲ ಅರ್ಥವಾಗಲಿಲ್ಲ. ಅವಳು ಎಡಗೈಯಿಂದ ಹೊರಸಿನ ಹಗ್ಗವನ್ನು ತಟ್ಟಿ ಮತ್ತೆ ಅಂದಳು.

"ಹೊರಸು ಎಲ್ಲಿ ಹಾಕ್ತಿ?"

ಸೊಸೆಯನ್ನು ಕೇಳಿದ ಪ್ರಶ್ನೆ ಅದು. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಜ್ಯೂಲಿ ಅಂಗಳವನ್ನೆಲ್ಲ ಒಮ್ಮೆ ನೋಡಿದಳು, ಮನೆಯ ಮುಂದೆ, ಹಿಂದೆ, ಬಚ್ಚಲಿನ ಕಡೆ. ಎಲ್ಲ ಕಡೆ ಬಿಸಿಲಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಕಿರಣಕುಮಾರ ಎದ್ದು ರಸ್ತೆಗೆ ಬಂದು ಮಾಲೀಕರಿಗೆ ಫೋನು ಹಚ್ಚಿದ.

"ಸರ್, ಈ ಜಾಗಾ ಬ್ಯಾಡ್ರಿ."

"ಒಪ್ಪಲಿಲ್ಲೇನು?"

ಹೌದೆಂದುಬಿಟ್ಟರೆ ಕೆಲಸ ಸುಲಭವಾಗುತ್ತಿತ್ತು. ಆದರೆ ನಾಳೆ ರೆಸಾರ್ಟಿನವರು ಕಾಯತಾನನನ್ನು ಕರೆದು ಕೇಳುತ್ತಾರೆ.

"ಅವ್ರು ಒಪ್ಪಿದ್ರು. ನಾನ ಬ್ಯಾಡ ಅಂದೆ."

"ನೀ ಬ್ಯಾಡ ಅನ್ನಾಕ ಯಾರು?"

"ಯಾರೂ ಅಲ್ರಿ. ಗಿಡದ ಕೆಳಗ ಪೇಷಂಟ್ ಮಲಗ್ಯಾರ. ಆ ಗಿಡ ನಾ ತಗಸೂದಿಲ್ಲ. ಫೋಟೋ ತಗೊಳ್ಳೂ ಬೋರ್ಡು ಅವ್ರ ರೆಸಾರ್ಟಿನ ಗೇಟಿನ ಮುಂದ ಹಾಕಿದ್ರೂ ನಡೀತೈತಿ, ಅಲ್ಲಿ ಜಾಗಾ ಖಾಲಿ ಐತಿ. ಅದನ್ನ ಬೇಕಾದ್ರ ನಾಳಿನ ನಿಲ್ಲಿಸಿ ಕೊಡ್ತೇನಿ."

"ನೀ ಅಲ್ಲಂದ್ರ ಇನ್ನೊಬ್ಬಾಂವ ಬರ್ತಾನ, ಕಿರಣಾ."

"ಬರಲ್ರಿ. ಬಂದ್ರ ಅವಂಗೂ ಇದನ್ನ ಹೇಳ್ತೇನಿ."

ಮಾಲೀಕರು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವೆನಿಸುತ್ತಿತ್ತೇನೋ. ಬೋರ್ಡು ಕೊನೆಗೆ ರೆಸಾರ್ಟಿನ ಗೇಟಿನ ಮುಂದೆಯೇ ನಿಂತಿತು, ಬೇರೆಯವರು ನಿಲ್ಲಿಸಿದರು. ಕಾಯತಾನನ ಕೆಲಸ ಉಳಿಯಿತು. ಕಿರಣಕುಮಾರನಿಗೆ ಹುಬ್ಬಳ್ಳಿಯಿಂದ ಬರುವ ಫೋನುಗಳು ಕಡಿಮೆಯಾಗುತ್ತ ಬಂದು ದೀಪಾವಳಿಯ ಹೊತ್ತಿಗೆ ನಿಂತೇ ಹೋದವು.

ಸುವರ್ಣಾ ಒಂದು ಸಂಜೆ ಕೇಳಿದಳು, "ಮುಂದ ಏನ್ ಮಾಡ್ತೀರಿ?"

"ಇಮ್ರಾನ ತನ್ನ ವರ್ಕ್‌ಶಾಪಿಗೆ ಬಾ ಅಂದಾನ. ಗೇಟು, ಗ್ರಿಲ್ಲು, ಆರ್ಡರ್ ಹಿಡಿಯೂ ಕೆಲಸ."

ಅವಳು ಅಕ್ಕಿಯೊಳಗಿನ ಒಂದು ಕಲ್ಲು ಆರಿಸಿ ಒಗೆದಳು. "ಬೋರ್ಡಿಗಿಂತ ಛಲೋ" ಎಂದಳು. ಅಷ್ಟರಿಂದ ಅವಳ ಚಿಂತೆ ತೀರಲಿಲ್ಲವೆಂದು ಅವನಿಗೆ ಗೊತ್ತಿತ್ತು.

"ಹಿತ್ತಲದಾಗಿನ ಹಳೆ ಹಂಚು ಅದಾವಲ್ಲ" ಎಂದ ಅವನು. "ಅವು ನನಗ ಬೇಕಾಗ್ಯಾವ."

"ತಗೊಂಡು ಹೋಗ್ರಿ. ಹಾವು ಸೇರ್ತಾವ ಅಂತ ಎಷ್ಟು ಸಲ ಹೇಳೇನಿ."

ಒಂದು ರವಿವಾರ ಅವನು ಮತ್ತು ಇಮ್ರಾನ ಹಂಚುಗಳನ್ನೂ ವರ್ಕ್‌ಶಾಪಿನಲ್ಲಿ ಉಳಿದಿದ್ದ ಪೈಪುಗಳನ್ನೂ ಟೆಂಪೋದಲ್ಲಿ ಹೇರಿಕೊಂಡು ತಿರುವಿಗೆ ಹೋದರು. ಕೇರಿಯವರು ಗುಂಡಿ ತೋಡಿದರು. ಕಾಯತಾನನಿಗೆ ಅಂದು ರಜೆ. ಅವನೇ ಕಂಬಗಳನ್ನು ನೆಟ್ಟಗೆ ಹಿಡಿದು ನಿಂತ. ತುಳಸಾಳ ಜಾಗದಲ್ಲೇ, ರಸ್ತೆಯ ಅಂಚಿಗೆ, ಚಾಲಕನಿಗೆ ದೂರದಿಂದಲೇ ಕಾಣುವ ಕಡೆ ಬಸ್ಸಿಗೆ ಕಾಯುವವರ ತಂಗುದಾಣ ಬರಬೇಕೆಂದು ಕಿರಣಕುಮಾರ ತಿರುವಿನವರೆಗೆ ನಡೆದು ಹೋಗಿ, ತಿರುಗಿ ನೋಡಿ, ಕೈ ಮಾಡಿ ಕಂಬಗಳನ್ನು ಸ್ವಲ್ಪ ಎಡಕ್ಕೆ ಸರಿಸಿಸಿದ. ಬಸರಿ ಮರದ ನೆರಳಿಗೆ ಇದು ಸಮವಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೇರಿಯವರಿಗೂ ಗೊತ್ತಿತ್ತು.

ಹಂಚು ಹೊದಿಸಿ ಮುಗಿದ ಮೇಲೆ ಇಮ್ರಾನ ಮುಂಭಾಗದ ಅಡ್ಡಪಟ್ಟಿಗೆ ಹಸಿರು ಬಣ್ಣ ಬಳಿದು, ಸಣ್ಣ ಕುಂಚ ತೆಗೆದುಕೊಂಡ.

"ಏನ್ ಬರೀಲಿ ಅಣ್ಣಾ?"

"ಏನೂ ಬರೀಬ್ಯಾಡ."

"ಯಾರ ಹೆಸರೂ ಬ್ಯಾಡ? ನಿನ್ನ ಹೆಸರರ ಹಾಕೂಣು. ಹಂಚು ನಿಂದು."

"ಬ್ಯಾಡೋ. ಖಾಲಿ ಇರ್ಲಿ."

ಇಮ್ರಾನ ನಕ್ಕು ಕುಂಚವನ್ನು ಬಟ್ಟೆಗೆ ಒರೆಸಿದ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಕಾರು ನಿಲ್ಲಿಸಿ, ಇದು ಯಾರ ಕೊಡುಗೆ ಎಂದು ಕೇಳಿದ. ಕಾಯತಾನ, "ಬಸ್ಸಿಗೆ ನಿಂದರೂದ್ರಿ" ಎಂದಷ್ಟೇ ಹೇಳಿದ.

ಸೋಮವಾರ ತುಳಸಾಳನ್ನು ಕೈಕಾಲಿನ ವ್ಯಾಯಾಮಕ್ಕೆಂದು ಹಳಿಯಾಳದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹೊದಿಸಿದ ಹಂಚುಗಳಲ್ಲಿ ಎರಡು ಸಡಿಲವಾಗಿವೆ ಎಂದು ಜ್ಯೂಲಿ ಹೇಳಿದ್ದರಿಂದ ಕಿರಣಕುಮಾರ ಬೆಳಗ್ಗೆಯೇ ಬಂದು ಅವನ್ನು ಕೂಡಿಸುತ್ತಿದ್ದ. ಮುದುಕಿಗೆ ಸೊಸೆಯ ಹೆಗಲ ಮೇಲೆ ಎಡಗೈ ಇಟ್ಟು, ಮನೆಯಿಂದ ರಸ್ತೆಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದು ಕುಳಿತು ಉಸಿರು ಬಿಟ್ಟಳು. ಮೇಲೆ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದಳು.

ದಾಂಡೇಲಿಯ ಕಡೆಯಿಂದ ಬಸ್ಸು ತಿರುವಿಗೆ ಬಂತು. ಜ್ಯೂಲಿ ಕೈ ಎತ್ತುವ ಮೊದಲೇ ಅದರ ವೇಗ ಇಳಿಯಿತು. ಕಿರಣಕುಮಾರ ಏಣಿಯಿಂದ ಇಳಿದು ಮುದುಕಿಯ ಇನ್ನೊಂದು ರಟ್ಟೆ ಹಿಡಿದ. ಮೆಟ್ಟಿಲ ಮೇಲೆ ಅವಳ ಬಲಗಾಲು ಏಳಲಿಲ್ಲ. ಒಳಗಿದ್ದವರು ಕತ್ತು ಚಾಚಿ ನೋಡಿದರು, ಕಂಡಕ್ಟರು ಸೀಟಿಯನ್ನು ಬಾಯಿಗಿಟ್ಟುಕೊಂಡು ಹಾಗೆಯೇ ನಿಂತ.

ಚಾಲಕ ಎಂಜಿನ್ ಆರಿಸಿ ಹಿಂದಿರುಗಿ ನೋಡಿದ.

"ಆಯಿ, ಸಾವಕಾಶ ಹತ್ತು" ಎಂದ. "ಬಸ್ಸು ಎಲ್ಲೂ ಹೋಗೂದಿಲ್ಲ."